ಡಿಡಿಟಿ ಪಂಪು ಯಾವ ವಿಷಯಕ್ಕೆ ಸೇರುತ್ತದೆ?

ನಾನು ಕೆಲಸ ಮಾಡುವ ಮ್ಯೂಸಿಯಂನಲ್ಲಿ ವಿಜ್ಞಾನದ ಇತಿಹಾಸಕ್ಕೆ ಸೇರಿದ ಸಾವಿರಾರು ವಸ್ತುಗಳಿವೆ. ಉಪಕರಣ, ಫೋಟೋ, ಪುಸ್ತಕ, ಪತ್ರ, ಜಾಹೀರಾತು, ಔಷಧದ ಬಾಟಲಿ, ಹೀಗೆ. ಅವುಗಳ ಫೋಟೋ ತೆಗೆದು, ಸ್ಕ್ಯಾನ್ ಮಾಡಿ ಆನ್‌ಲೈನ್‌ಗೆ ಹಾಕುವ ಕೆಲಸ ವರ್ಷಗಳಿಂದ ನಡೆದಿತ್ತು. ಹಾಕಿದ್ದೇನೋ ಆಯಿತು, ಆದರೆ ನೋಡುವವರಿಗೆ ಇದ್ದದ್ದು ಒಂದು ಸರ್ಚ್ ಬಾಕ್ಸ್ ಮಾತ್ರ. ವಸ್ತುವಿನ ಹೆಸರು ಗೊತ್ತಿದ್ದವರಿಗೆ ಅದು ಸಾಕು. ಗೊತ್ತಿಲ್ಲದವರು ಏನಂತ ಟೈಪ್ ಮಾಡಬೇಕು? ನಮ್ಮಲ್ಲಿ ಏನೇನಿದೆ ಅಂತ ತೋರಿಸುವ ವಿಷಯವಾರು ಪುಟಗಳು ಬೇಕು ಅಂತ ತೀರ್ಮಾನವಾಯಿತು. ಆ ಕೆಲಸ ನಮ್ಮ ಚಿಕ್ಕ ತಂಡದ ಪಾಲಿಗೆ ಬಂತು.

ಶುರು ಮಾಡಿದ್ದು ಸರ್ಚ್ ಲಾಗ್ ಓದುವುದರಿಂದ. ಅಂದರೆ, ಬಂದವರು ಬಾಕ್ಸ್‌ನಲ್ಲಿ ಏನೇನು ಟೈಪ್ ಮಾಡಿದ್ದರು ಅನ್ನುವ ಪಟ್ಟಿ. ಅದರಲ್ಲೂ ಒಂದೂ ಫಲಿತಾಂಶ ಸಿಗದ ಹುಡುಕಾಟಗಳನ್ನು ಬೇರೆ ಮಾಡಿ ಓದಿದೆವು. ಜನ ‘ವಿಷ’ ಅಂತ ಹುಡುಕಿದ್ದರು. ‘ಬಾಂಬ್’, ‘ಹಳೇ ಆಸ್ಪತ್ರೆ’, ‘ಬಟ್ಟೆಗೆ ಬಣ್ಣ’, ‘ಮಕ್ಕಳ ಕೆಮಿಸ್ಟ್ರಿ ಸೆಟ್’, ‘ಮಾಟಮಂತ್ರ’. ನಮ್ಮ ಕ್ಯಾಟಲಾಗ್‌ನಲ್ಲಿ ಇದ್ದದ್ದು ‘ವಿಶ್ಲೇಷಣಾ ಉಪಕರಣ, ವಿದ್ಯುತ್’ ಅನ್ನುವಂಥ ಹೆಸರುಗಳು. ಇಬ್ಬರೂ ಮಾತಾಡುತ್ತಿದ್ದದ್ದು ಅದೇ ವಸ್ತುಗಳ ಬಗ್ಗೆ, ಆದರೆ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುತ್ತಿರಲಿಲ್ಲ.

ಮೇಲಿನವರ ಕಡೆಯಿಂದ ಬಂದ ಸಲಹೆ ತುಂಬ ಸರಳವಾಗಿತ್ತು. ಗೋದಾಮಿನಲ್ಲಿ ಹೇಗಿದೆಯೋ ಹಾಗೇ ಹಾಕಿಬಿಡಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ವೈದ್ಯಕೀಯ, ಎಂಜಿನಿಯರಿಂಗ್. ಒಂದು ವಾರದ ಕೆಲಸ ಅಂದರು. ಹೌದು, ಆ ರೀತಿ ಮಾಡಿದ್ದರೆ ಬೇಗ ಮುಗಿಯುತ್ತಿತ್ತು. ಆದರೆ ಅದು ಸಿಬ್ಬಂದಿಯ ಕೆಲಸ ಹಂಚಿದ ರೀತಿ. ಹೊರಗಿನವರಿಗೆ ಅದರಿಂದ ಏನು ತಿಳಿಯುತ್ತದೆ?

ಸಭೆಯಲ್ಲಿ ನಾನು ಪಿಎಚ್ ಮೀಟರಿನ ಉದಾಹರಣೆ ಕೊಟ್ಟೆ. 1934ರಲ್ಲಿ ಅರ್ನಾಲ್ಡ್ ಬೆಕ್‌ಮನ್ ಅದನ್ನು ಮಾಡಿದ್ದು ಯಾವುದೋ ದೊಡ್ಡ ಸಿದ್ಧಾಂತ ಸಾಬೀತು ಮಾಡಲಿಕ್ಕಲ್ಲ. ಕ್ಯಾಲಿಫೋರ್ನಿಯಾದ ಹಣ್ಣು ಬೆಳೆಗಾರರ ಸಂಘದಲ್ಲಿ ಕೆಲಸಕ್ಕಿದ್ದ ಅವನ ಹಳೇ ಸಹಪಾಠಿಗೆ ನಿಂಬೆರಸ ಎಷ್ಟು ಹುಳಿ ಅಂತ ಅಳೆಯಬೇಕಿತ್ತು. ಗೋದಾಮಿನ ಲೆಕ್ಕದಲ್ಲಿ ಅದು ‘ರಸಾಯನಶಾಸ್ತ್ರ, ಉಪಕರಣ’. ಅದು ತಪ್ಪಲ್ಲ. ಆದರೆ ಆಹಾರದ ಇತಿಹಾಸ ಓದುವ ಒಬ್ಬ ವಿದ್ಯಾರ್ಥಿನಿಗೆ ಆ ಮೀಟರ್ ಜನ್ಮದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಈ ಮಾತು ಕೇಳಿದ ಮೇಲೆ ‘ಒಂದು ವಾರ’ದ ವಿಚಾರ ಯಾರೂ ಎತ್ತಲಿಲ್ಲ.

ಪುಸ್ತಕಕ್ಕೆ ಕಪಾಟಿನಲ್ಲಿ ಒಂದೇ ಜಾಗ. ಹಾಗಾಗಿ ಗ್ರಂಥಾಲಯದವರು ಒಂದೇ ಸಂಖ್ಯೆ ಕೊಡಬೇಕಾಗುತ್ತದೆ. 1876ರಲ್ಲಿ ಮೆಲ್ವಿಲ್ ಡ್ಯೂಯಿ ಹೊರತಂದ ದಶಮಾಂಶ ಪದ್ಧತಿ ಬೆಳೆದದ್ದೇ ಆ ಅಗತ್ಯದಿಂದ. ಶುದ್ಧ ವಿಜ್ಞಾನಕ್ಕೆ 500, ತಂತ್ರಜ್ಞಾನಕ್ಕೆ 600. ಪರದೆಗೆ ಈ ಕಟ್ಟುಪಾಡು ಇಲ್ಲ. ಒಂದೇ ವಸ್ತು ನಾಲ್ಕು ಕಡೆ ಕಾಣಿಸಬಹುದು, ಅದರಿಂದ ಯಾರಿಗೂ ನಷ್ಟವಿಲ್ಲ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಎಸ್. ಆರ್. ರಂಗನಾಥನ್ ಅವರ ಯೋಚನೆ. ಗಣಿತದ ಮೇಷ್ಟ್ರಾಗಿದ್ದವರು ಗ್ರಂಥಪಾಲಕರಾಗಿ 1933ರಲ್ಲಿ ಕೋಲನ್ ವರ್ಗೀಕರಣ ಪ್ರಕಟಿಸಿದರು. ಎಲ್ಲವನ್ನೂ ಒಂದೇ ಮರದ ಕೊಂಬೆಗಳಿಗೆ ನೇತುಹಾಕುವ ಬದಲು ಒಂದೊಂದು ವಿಷಯವನ್ನೂ ಬೇರೆ ಬೇರೆ ಮುಖಗಳಿಂದ ನೋಡಿ ಅಂದರು. ಮುಖ್ಯವಾದದ್ದು ಏನು, ಯಾವುದರಿಂದ ಆದದ್ದು, ಏನು ಕ್ರಿಯೆ ನಡೆಯುತ್ತಿದೆ, ಎಲ್ಲಿ, ಯಾವಾಗ. ಇವತ್ತು ಆನ್‌ಲೈನ್ ಅಂಗಡಿಗಳಲ್ಲಿ ಎಡಗಡೆ ಕಾಣುವ ಫಿಲ್ಟರ್‌ಗಳ ಹಿಂದೆ ಇರುವುದು ಇದೇ ತರ್ಕ. ಫಿಲ್ಟರ್ ಒತ್ತುವವರಲ್ಲಿ ಎಷ್ಟು ಜನಕ್ಕೆ ರಂಗನಾಥನ್ ಹೆಸರು ಗೊತ್ತಿದೆಯೋ!

ನಾವು ಅದನ್ನು ನಮ್ಮ ಅಳತೆಗೆ ಇಳಿಸಿಕೊಂಡೆವು. ಈ ವಸ್ತು ಏನು ಅನ್ನುವುದು ಒಂದು ಪ್ರಶ್ನೆ. ಯಾವುದರ ಬಗ್ಗೆ ಅನ್ನುವುದು ಬೇರೆಯೇ ಪ್ರಶ್ನೆ. ಮೈಕ್ರೋಸ್ಕೋಪ್ ಒಂದು ಉಪಕರಣ. ಮೈಕ್ರೋಸ್ಕೋಪಿನ ಫೋಟೋ ಒಂದು ಫೋಟೋ. ಮೈಕ್ರೋಸ್ಕೋಪ್ ಮಾರುವ ಕಂಪನಿಯ ಬೆಲೆಪಟ್ಟಿ ಒಂದು ಮುದ್ರಿತ ಕಾಗದ. ಹಳೇ ಕ್ಯಾಟಲಾಗ್‌ನಲ್ಲಿ ಮೂರಕ್ಕೂ ‘ಮೈಕ್ರೋಸ್ಕೋಪ್’ ಅಂತಲೇ ಬರೆದಿತ್ತು. ಹಾಗಾಗಿ ವಸ್ತುವನ್ನೇ ನೋಡಲು ಬಂದವರಿಗೆ ಮೊದಲ ಪುಟದ ತುಂಬ ಬೆಲೆಪಟ್ಟಿಗಳು ಸಿಗುತ್ತಿದ್ದವು. ‘ಏನು’ ಅನ್ನುವುದನ್ನು ಒಂದು ಫಿಲ್ಟರಿಗೆ, ‘ಯಾವುದರ ಬಗ್ಗೆ’ ಅನ್ನುವುದನ್ನು ವಿಷಯ ಪುಟಕ್ಕೆ ಕೊಟ್ಟೆವು. ಇಷ್ಟಕ್ಕೇ ಅರ್ಧ ಗೊಂದಲ ಕಡಿಮೆಯಾಯಿತು.

ಆಮೇಲೆ ಹಳೇ ದಾಖಲೆಗಳ ಕೊಳೆ ತೊಳೆಯುವ ಕೆಲಸ. ಅದನ್ನು ಉದ್ದಕ್ಕೆ ವರ್ಣಿಸುವುದಿಲ್ಲ, ಮಾಡಿದವರಿಗೆ ಗೊತ್ತು. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ತುಂಬಿದ್ದರಿಂದ ಎಕ್ಸ್‌ರೇ ಅನ್ನುವ ಒಂದೇ ವಿಷಯ ‘ಎಕ್ಸ್ ರೇ’, ‘ಎಕ್ಸ್-ಕಿರಣ’, ‘ರಾಂಟ್ಜನ್ ಕಿರಣ’, ‘ರೇಡಿಯೋಗ್ರಫಿ’ ಅಂತ ಚೆದುರಿಹೋಗಿತ್ತು. ಓಪನ್‌ರಿಫೈನ್ ಅನ್ನುವ ಉಚಿತ ಸಾಫ್ಟ್‌ವೇರ್ ಇದಕ್ಕೆ ತುಂಬ ಸಹಾಯ ಮಾಡಿತು. ಹತ್ತಿರ ಹತ್ತಿರದ ಸ್ಪೆಲಿಂಗ್‌ಗಳನ್ನು ಅದು ಗುಂಪು ಮಾಡಿ ತೋರಿಸುತ್ತದೆ, ಒಂದು ಮಾಡಬೇಕೋ ಬೇಡವೋ ನಾವು ಹೇಳಬೇಕು. ಆದರೆ ರಾಂಟ್ಜನ್ ಅಂದರೂ ಎಕ್ಸ್‌ರೇ ಅಂದರೂ ಒಂದೇ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಅದಕ್ಕೆ ಮನುಷ್ಯರೇ ಬೇಕು.

ಹೆಸರುಗಳನ್ನು ನಾವೇ ಹುಟ್ಟಿಸಲು ಹೋಗಲಿಲ್ಲ. ಉಪಕರಣಗಳ ಹೆಸರಿಗೆ ಗೆಟ್ಟಿ ಸಂಸ್ಥೆಯ ಕಲೆ ಮತ್ತು ವಾಸ್ತುಶಿಲ್ಪ ಪದಕೋಶ. ಹೆಸರಲ್ಲಿ ಕಲೆ ಇದ್ದರೂ ವಿಜ್ಞಾನದ ಉಪಕರಣಗಳೂ ಅದರಲ್ಲಿ ಸಾಕಷ್ಟಿವೆ. ವ್ಯಕ್ತಿಗಳಿಗೆ ವಿಕಿಡೇಟಾ ಅನ್ನುವ ಮುಕ್ತ ಮಾಹಿತಿಕೋಶದ ಸಂಖ್ಯೆಗಳು. ವಿಷಯಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಶೀರ್ಷಿಕೆ ಪಟ್ಟಿ. ವಿಜ್ಞಾನ ಇತಿಹಾಸದ ಸೂಕ್ಷ್ಮ ವಿಷಯಗಳು ಬಂದಾಗ ಐಸಿಸ್ ಪತ್ರಿಕೆಯ ಗ್ರಂಥಸೂಚಿ ನೋಡುತ್ತಿದ್ದೆವು. 1913ರಿಂದ ಹೊರಬರುತ್ತಿರುವ ಪತ್ರಿಕೆ ಅದು, ಈ ಕ್ಷೇತ್ರದ ಬರಹಗಳನ್ನು ವಿಂಗಡಿಸುವುದರಲ್ಲಿ ಅವರಿಗಿರುವ ಅನುಭವ ನಮಗೆಲ್ಲಿ ಬರಬೇಕು. ಇವೆಲ್ಲ ಒಳಗಡೆಯ ವ್ಯವಸ್ಥೆ. ನೋಡುವವರ ಮುಂದೆ ಈ ಪಟ್ಟಿಗಳನ್ನು ಹಾಗೇ ಇಟ್ಟರೆ ಓಡಿಹೋಗುತ್ತಾರೆ.

ಹಾಗಾದರೆ ಮುಂದೆ ಇಡುವುದೇನು? ಅದನ್ನು ತಿಳಿಯಲು ಕಾರ್ಡ್ ಜೋಡಿಸುವ ಪರೀಕ್ಷೆ ಮಾಡಿದೆವು. ಸಂಗ್ರಹದ ವಸ್ತುಗಳ ಚಿತ್ರ ಮತ್ತು ಒಂದು ಸಾಲಿನ ವಿವರ ಇರುವ ಕಾರ್ಡುಗಳನ್ನು ಮೇಷ್ಟ್ರುಗಳಿಗೆ, ಕಾಲೇಜು ವಿದ್ಯಾರ್ಥಿಗಳಿಗೆ, ನಿವೃತ್ತರಿಗೆ ಕೊಟ್ಟು, ‘ನಿಮಗೆ ಸರಿ ಅನ್ನಿಸಿದ ಹಾಗೆ ಗುಂಪು ಮಾಡಿ, ಗುಂಪಿಗೆ ಹೆಸರನ್ನೂ ನೀವೇ ಕೊಡಿ’ ಅಂದೆವು. ಭೌತಶಾಸ್ತ್ರ, ರಸಾಯನಶಾಸ್ತ್ರ ಅಂತ ಗುಂಪು ಮಾಡಿದವರು ಬಹುಮಟ್ಟಿಗೆ ವಿಜ್ಞಾನದ ಮೇಷ್ಟ್ರುಗಳೇ. ಉಳಿದವರು ವಸ್ತು ಎಲ್ಲಿ ಬಳಕೆಯಾಗುತ್ತಿತ್ತು ಅನ್ನುವುದನ್ನು ಹಿಡಿದು ಜೋಡಿಸಿದರು. ಮನೆ, ಆಸ್ಪತ್ರೆ, ಹೊಲ, ಕಾರ್ಖಾನೆ, ಯುದ್ಧ, ಶಾಲೆ. ವಿಕಿರಣ ಅಳೆಯುವ ಗೈಗರ್ ಕೌಂಟರನ್ನು ಯಾರೂ ಭೌತಶಾಸ್ತ್ರದ ಜೊತೆ ಇಡಲಿಲ್ಲ, ಬಾಂಬಿನ ಪಕ್ಕ ಇಟ್ಟರು. ಥರ್ಮಾಮೀಟರ್ ಹಿಡಿದುಕೊಂಡು ಒಬ್ಬರು ಬಹಳ ಹೊತ್ತು ಕೂತಿದ್ದರು. ‘ಇದು ಹವಾಮಾನದ್ದಾ, ಜ್ವರದ್ದಾ?’ ಅಂತ ಕೇಳಿದರು. ಸರಿಯಾದ ಪ್ರಶ್ನೆಯೇ. ಫ್ಯಾರನ್‌ಹೈಟ್‌ನ ಪಾದರಸದ ಥರ್ಮಾಮೀಟರ್ 1714ರದ್ದು. ಡಾಕ್ಟರು ಜೇಬಿನಲ್ಲಿ ಇಟ್ಟುಕೊಂಡು ಹೋಗುವಷ್ಟು ಚಿಕ್ಕದನ್ನು ಥಾಮಸ್ ಆಲ್‌ಬಟ್ ಮಾಡಿದ್ದು 1866ರಲ್ಲಿ. ನಡುವಿನ ನೂರೈವತ್ತು ವರ್ಷ ಒಂದೇ ಉಪಕರಣ ಎಷ್ಟೋ ಮನೆ ಸುತ್ತಿ ಬಂದಿದೆ.

ಕೊನೆಗೆ ಶಾಸ್ತ್ರಗಳ ಹೆಸರಿನ ಕೆಲವು ಪುಟಗಳನ್ನು ಉಳಿಸಿಕೊಂಡೆವು, ಮೇಷ್ಟ್ರುಗಳಿಗೆ ಅವು ಬೇಕು. ಜೊತೆಗೆ ಜನರ ಬಾಯಲ್ಲಿ ಬಂದ ವಿಷಯಗಳನ್ನೂ ಸೇರಿಸಿದೆವು. ಅದರಲ್ಲಿ ನನಗೆ ಇಷ್ಟವಾದದ್ದು ‘ವಿಷ, ಅಪಾಯ, ಸುರಕ್ಷತೆ’. ಸರ್ಚ್ ಲಾಗ್‌ನಿಂದಲೇ ಹುಟ್ಟಿದ ಪುಟ ಅದು. 1815ರ ಡೇವಿ ದೀಪ, ಅಂದರೆ ಗಣಿಯಲ್ಲಿ ಅನಿಲಕ್ಕೆ ಬೆಂಕಿ ತಗುಲದಂತೆ ಜ್ವಾಲೆಯ ಸುತ್ತ ತಂತಿ ಬಲೆ ಹಾಕಿದ ದೀಪ, ಅಲ್ಲಿದೆ. ಗೋಡೆ ಕಾಗದಕ್ಕೆ ಹಚ್ಚುತ್ತಿದ್ದ, ಶೀಲೆ ಅನ್ನುವ ರಸಾಯನಶಾಸ್ತ್ರಜ್ಞನ ಹೆಸರಿನ ಹಸಿರು ಬಣ್ಣವೂ ಅಲ್ಲೇ ಇದೆ. ನೋಡಲು ಬಲು ಚೆಂದ, ಒಳಗೆ ಇರುವುದು ಆರ್ಸೆನಿಕ್. ರೇಡಿಯಂ ಬೆರೆಸಿದ ‘ಶಕ್ತಿವರ್ಧಕ’ ನೀರಿನ ಜಾಹೀರಾತೂ ಇದೆ. ಶಾಸ್ತ್ರದ ಲೆಕ್ಕದಲ್ಲಿ ಇವು ಗಣಿಗಾರಿಕೆ, ರಸಾಯನಶಾಸ್ತ್ರ, ವೈದ್ಯಕೀಯ ಅಂತ ಮೂರು ದಿಕ್ಕಿಗೆ ಹೋಗಬೇಕಿತ್ತು. ಒಟ್ಟಿಗೆ ಇಟ್ಟಾಗ ಮಾತ್ರ ಅಪಾಯ ಗೊತ್ತಾಗಲು ಎಷ್ಟು ಕಾಲ ಹಿಡಿಯುತ್ತಿತ್ತು ಅನ್ನುವುದು ಕಾಣುತ್ತದೆ.

ಇನ್ನು ಶೀರ್ಷಿಕೆಯ ಪಂಪಿನ ಕಥೆ. ಕೈಯಲ್ಲಿ ಹಿಡಿದು ಒತ್ತುವ ಹಳೇ ಡಿಡಿಟಿ ಸ್ಪ್ರೇ ಪಂಪು. ಡಿಡಿಟಿಯನ್ನು ಮೊದಲು ತಯಾರಿಸಿದ್ದು 1874ರಲ್ಲೇ, ಆದರೆ ಅದು ಕೀಟ ಕೊಲ್ಲುತ್ತದೆ ಅಂತ ಪೌಲ್ ಮ್ಯೂಲರ್ ಕಂಡುಕೊಂಡದ್ದು 1939ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಹೇನು ಕೊಂದು, ಅದರಿಂದ ಹರಡುವ ಟೈಫಸ್ ಜ್ವರ ತಡೆಯಲು ಬಳಸಿದರು. ಆಮೇಲೆ ಮಲೇರಿಯಾ ಸೊಳ್ಳೆಗೆ. ಆಮೇಲೆ ಹೊಲಕ್ಕೆ. 1948ರಲ್ಲಿ ಮ್ಯೂಲರ್‌ಗೆ ನೊಬೆಲ್ ಬಂತು, ಅದೂ ವೈದ್ಯಕೀಯದಲ್ಲಿ. 1962ರಲ್ಲಿ ರೇಚಲ್ ಕಾರ್ಸನ್ ಬರೆದ ಪುಸ್ತಕ ಕೀಟನಾಶಕಗಳಿಂದ ಪರಿಸರಕ್ಕೆ ಆಗುವ ಹಾನಿಯ ಬಗ್ಗೆ ಜನರ ಕಣ್ಣು ತೆರೆಸಿತು, 1972ರಲ್ಲಿ ಅಮೆರಿಕ ಕೃಷಿಗೆ ಡಿಡಿಟಿ ಬಳಸುವುದನ್ನು ನಿಲ್ಲಿಸಿತು. 2001ರ ಸ್ಟಾಕ್‌ಹೋಮ್ ಅಂತರರಾಷ್ಟ್ರೀಯ ಒಪ್ಪಂದ ಬಿಗಿಯಾದ ನಿರ್ಬಂಧ ಹಾಕಿದರೂ ಮಲೇರಿಯಾ ತಡೆಗೆ ಅಂತ ಸ್ವಲ್ಪ ಜಾಗ ಬಿಟ್ಟಿದೆ. ಈಗ ಹೇಳಿ, ಈ ಪಂಪು ಯಾವ ಪುಟಕ್ಕೆ?

ನಮ್ಮ ಕ್ಯಾಟಲಾಗ್ ಸಹೋದ್ಯೋಗಿ ಒಬ್ಬರು ಅದಕ್ಕೆ ಬರೆದ ವಿಷಯಗಳು: ರಸಾಯನಶಾಸ್ತ್ರ, ಕೃಷಿ, ಸಾರ್ವಜನಿಕ ಆರೋಗ್ಯ, ಯುದ್ಧ, ಪರಿಸರ, ಮನೆ, ಅಪಾಯ, ಕೀಟಗಳು. ‘ಒಂದೂ ತಪ್ಪಿಲ್ಲವಲ್ಲ’ ಅಂದರು. ನಿಜ, ಒಂದೂ ತಪ್ಪಿಲ್ಲ. ಆದರೆ ಎಲ್ಲ ವಸ್ತುವೂ ಎಲ್ಲ ಕಡೆ ಕಾಣಿಸಿದರೆ ವಿಷಯ ಅನ್ನುವುದಕ್ಕೆ ಅರ್ಥವೇ ಇಲ್ಲ, ಎಂಟು ಪುಟದಲ್ಲೂ ಅದೇ ಪಂಪು. ‘ಮೇಡಂ, ಈ ಪಂಪಿನ ಬಗ್ಗೆ ಮೂರೇ ಮಾತು ಹೇಳಬೇಕು ಅಂದರೆ ಏನು ಹೇಳ್ತೀರಿ?’ ಅಂದೆ. ಸ್ವಲ್ಪ ಹೊತ್ತು ಯೋಚಿಸಿ ಸಾರ್ವಜನಿಕ ಆರೋಗ್ಯ, ಕೃಷಿ, ಪರಿಸರ ಅಂದರು. ಅದೇ ನಿಯಮವಾಯಿತು. ಒಂದು ವಸ್ತುವಿಗೆ ಮೂರು ವಿಷಯ, ಅದಕ್ಕಿಂತ ಜಾಸ್ತಿ ಬೇಕಾದರೆ ಕಾರಣ ಬರೆಯಬೇಕು. ಕಾರಣ ಬರೆಯುವ ಬೇಜಾರಿಗೇ ಎಷ್ಟೋ ವಿಷಯಗಳು ತಾವಾಗಿ ಬಿದ್ದುಹೋದವು.

ಕೆಲವದಕ್ಕೆ ಕಾರಣ ಬರೆದೇ ತೀರಿದೆವು. ಪರ್ಕಿನ್‌ನ ನೇರಳೆ ಬಣ್ಣ ಹಚ್ಚಿದ ರೇಷ್ಮೆ ಅಂಥದ್ದು. 1856ರಲ್ಲಿ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಮಲೇರಿಯಾಕ್ಕೆ ಬೇಕಾದ ಕ್ವಿನೈನನ್ನು ಪ್ರಯೋಗಶಾಲೆಯಲ್ಲಿ ಮಾಡಲು ಹೊರಟ. ಕ್ವಿನೈನ್ ಬರಲಿಲ್ಲ, ಕಲ್ಲಿದ್ದಲ ಟಾರಿನಿಂದ ಸಿಗುವ ಅನಿಲಿನ್‌ನಿಂದ ನೇರಳೆ ಬಣ್ಣ ಬಂತು. ಅಲ್ಲಿಂದ ಕೃತಕ ಬಣ್ಣಗಳ ಉದ್ಯಮ ಬೆಳೆಯಿತು, ಮುಂದೆ ಅದೇ ಕಂಪನಿಗಳಲ್ಲಿ ಕೆಲವು ಔಷಧಕ್ಕೂ ಇಳಿದವು. ಇದನ್ನು ಔಷಧದ ಪುಟದಿಂದ ಬಿಟ್ಟರೆ ಕಥೆಯೇ ಹೋಗುತ್ತದೆ.

ಹೆಚ್ಚು ಜಗಳವಾದದ್ದು ರಸವಿದ್ಯೆಯ ಪುಸ್ತಕಗಳ ಮೇಲೆ. ತಾಮ್ರವನ್ನು ಚಿನ್ನ ಮಾಡುವ ಕನಸಿನ ಹಸ್ತಪ್ರತಿಗಳು, ಕುಲುಮೆಯ ಚಿತ್ರಗಳು. ಇವನ್ನು ‘ಹುಸಿ ವಿಜ್ಞಾನ’ ಅನ್ನುವ ಪುಟಕ್ಕೆ ಹಾಕಿ ಅಂತ ಒಬ್ಬರು ಹಟ ಹಿಡಿದರು. ನಾನು ಒಪ್ಪಲಿಲ್ಲ. ಆಧುನಿಕ ರಸಾಯನಶಾಸ್ತ್ರದ ಹಿರಿಯ ಅಂತ ಹೆಸರಾದ ರಾಬರ್ಟ್ ಬಾಯ್ಲ್ ತಾನೇ ಲೋಹ ಬದಲಿಸುವ ಪ್ರಯತ್ನದಲ್ಲಿ ಇದ್ದವನು. ಬೇರೆ ಲೋಹದಿಂದ ಚಿನ್ನ ಮಾಡುವುದು ಅಪರಾಧ ಅಂತ ಸಾರಿದ 1404ರ ಇಂಗ್ಲಿಷ್ ಕಾನೂನು 1689ರಲ್ಲಿ ರದ್ದಾಗುವುದರ ಹಿಂದೆ ಅವನ ಪ್ರಯತ್ನವೂ ಇತ್ತು. ನ್ಯೂಟನ್ ಕೂಡ ಈ ವಿದ್ಯೆಯ ಬೆನ್ನು ಹತ್ತಿದವನೇ. ಅವರ ಕಾಲದಲ್ಲಿ ಇಲ್ಲದ ಗೋಡೆಯನ್ನು ನಾವು ಇವತ್ತು ಯಾಕೆ ಕಟ್ಟಬೇಕು? ಬಟ್ಟಿ ಇಳಿಸುವ ಪಾತ್ರೆಯನ್ನು ರಸವಿದ್ಯೆಯವರೂ ರಸಾಯನಶಾಸ್ತ್ರದವರೂ ಬಳಸಿದರು, ಒಂದೇ ರೀತಿ ಬಳಸಿದರು. ಕೊನೆಗೆ ರಸವಿದ್ಯೆಗೆ ತನ್ನದೇ ಪುಟ, ಅದು ರಸಾಯನಶಾಸ್ತ್ರದ ಕೆಳಗೂ ಬರುತ್ತದೆ ಅಂತ ಆಯಿತು. ‘ಮಾಟಮಂತ್ರ’ ಅಂತ ಹುಡುಕುವವರಿಗೂ ಈಗ ಅದೇ ಪುಟ ಸಿಗುತ್ತದೆ. ಸಿಗಲಿ ಬಿಡಿ.

ಫ್ರೆನಾಲಜಿಯ ತಲೆಗೊಂಬೆ ಇದಕ್ಕಿಂತ ಕಷ್ಟದ್ದು. ತಲೆಬುರುಡೆಯ ಉಬ್ಬುತಗ್ಗು ನೋಡಿ ಮನುಷ್ಯನ ಗುಣ ಹೇಳುತ್ತೇವೆ ಅಂದ ವಿದ್ಯೆ ಅದು. 19ನೇ ಶತಮಾನದಲ್ಲಿ ಜೋರಾಗಿ ನಡೆಯಿತು, ಒಂದು ಜನ ಮೇಲು ಇನ್ನೊಂದು ಜನ ಕೀಳು ಅಂತ ಸಾಧಿಸಲಿಕ್ಕೂ ಬಳಕೆಯಾಯಿತು. ಪಿಂಗಾಣಿಯ ಆ ತಲೆ ನೋಡಲು ಮುದ್ದಾಗಿದೆ, ಗಿಫ್ಟ್ ಅಂಗಡಿಗಳಲ್ಲಿ ಅದರ ನಕಲು ಸಿಗುತ್ತದೆ. ‘ಮನಸ್ಸು ಮತ್ತು ಮೆದುಳು’ ಪುಟದಲ್ಲಿ ಮಾತ್ರ ಇಟ್ಟರೆ ಅದೊಂದು ತಮಾಷೆಯ ಆಟಿಕೆ ಆಗಿಬಿಡುತ್ತದೆ. ಆದ್ದರಿಂದ ‘ವಿಜ್ಞಾನ ಮತ್ತು ಜನಾಂಗ ಭೇದ’ ಅನ್ನುವ ಪುಟವನ್ನೂ ತೆರೆದು, ಇಂಗ್ಲೆಂಡಿನ ವಿಜ್ಞಾನಿ ಗಾಲ್ಟನ್ 1883ರಲ್ಲಿ ಹೆಸರಿಟ್ಟ ಯುಜೆನಿಕ್ಸ್‌ನ, ಅಂದರೆ ‘ಒಳ್ಳೆಯ ತಳಿ’ಯ ಮನುಷ್ಯರೇ ಹುಟ್ಟುವಂತೆ ಮಾಡಬೇಕು ಅನ್ನುವ ವಾದದ, ಕಾಗದಪತ್ರಗಳ ಜೊತೆ ಅಲ್ಲೂ ತೋರಿಸಿದೆವು. ಇಂಥ ಪುಟ ಬೇಕಾ ಅಂತ ಕೇಳಿದವರಿದ್ದರು. ವಸ್ತು ನಮ್ಮಲ್ಲಿದೆ ಅಂದಮೇಲೆ ಅದು ಏನು ಮಾಡಿತು ಅಂತಲೂ ಹೇಳಬೇಕಲ್ವಾ. ಹಳೇ ಅವಮಾನಕರ ಮಾತುಗಳಿದ್ದ ಮೂಲ ಶೀರ್ಷಿಕೆಗಳನ್ನು ಅಳಿಸಲಿಲ್ಲ. ‘ಮೂಲ ಬರಹ’ ಅಂತ ಬೇರೆ ಜಾಗಕ್ಕೆ ಸರಿಸಿದೆವು, ವಿಷಯದ ಹೆಸರಿಗೆ ಮಾತ್ರ ಅವನ್ನು ಬಳಸಲಿಲ್ಲ.

ಪುಟಗಳು ಸಿದ್ಧವಾಗಿ ಪರೀಕ್ಷೆಗೆ ತೆರೆದಾಗ ಇನ್ನೊಂದು ತೊಂದರೆ ಕಾಣಿಸಿತು. ‘ರಸಾಯನಶಾಸ್ತ್ರ’ ಪುಟ ತೆರೆದರೆ ಗಡ್ಡದ ಗಂಡಸರ ಮುಖಗಳೇ ಮುಖಗಳು! ನಮ್ಮಲ್ಲಿ ವಿಜ್ಞಾನಿಗಳ ಭಾವಚಿತ್ರಗಳು ರಾಶಿ ಇವೆ, ಎಲ್ಲಕ್ಕೂ ವಿಷಯ ರಸಾಯನಶಾಸ್ತ್ರ ಅಂತ ಇತ್ತು. ಭಾವಚಿತ್ರ ‘ವ್ಯಕ್ತಿಗಳು’ ಪುಟಕ್ಕೆ ಹೋಗಲಿ, ಕೆಲಸ ಮಾಡುತ್ತಿರುವ ಫೋಟೋ ಆದರೆ ಮಾತ್ರ ವಿಷಯ ಪುಟಕ್ಕೆ ಬರಲಿ ಅಂತ ಮಾಡಿದೆವು. ಆಗ ಪ್ರಯೋಗಶಾಲೆಯ ಫೋಟೋಗಳು ಮೇಲೆ ಬಂದವು, ಅವುಗಳಲ್ಲಿ ಹೆಂಗಸರೂ ಕಾಣತೊಡಗಿದರು. ಹಲವು ಶೀರ್ಷಿಕೆಗಳಲ್ಲಿ ಪಕ್ಕದಲ್ಲಿ ನಿಂತ ಗಂಡಸಿನ ಹೆಸರು ಮಾತ್ರ ಇತ್ತು. ‘ವಿಜ್ಞಾನದಲ್ಲಿ ಮಹಿಳೆಯರು’ ಅಂತ ಬೇರೆ ಪುಟ ಮಾಡಿದರೆ ಅವರನ್ನು ಮೂಲೆಗೆ ತಳ್ಳಿದಂತೆ ಅನ್ನುವ ವಾದವೂ ಬಂತು. ನನ್ನ ಅಭಿಪ್ರಾಯದಲ್ಲಿ ಪುಟ ಇರಬೇಕು, ಆದರೆ ಅದೊಂದೇ ಪುಟದಲ್ಲಿ ಯಾರೂ ಇರಬಾರದು. ಬೆಳಕು ನಿಯಮಿತವಾಗಿ ಏರಿಳಿಯುವ ನಕ್ಷತ್ರಗಳಿಂದ ದೂರ ಅಳೆಯುವ ದಾರಿಯನ್ನು 1912ರಲ್ಲಿ ತೋರಿಸಿದ ಹೆನ್ರಿಯೆಟಾ ಲೆವಿಟ್ ಮೊದಲು ಖಗೋಳದ ಪುಟದಲ್ಲಿ ಸಿಗಬೇಕು, ಆಮೇಲೆ ಇಲ್ಲಿ.

ಚಿತ್ರ ನೋಡಿ ತಾನೇ ವಿಷಯ ಗುರುತಿಸುವ ಸಾಫ್ಟ್‌ವೇರನ್ನೂ ಒಮ್ಮೆ ಓಡಿಸಿ ನೋಡಿದೆವು. ಗಾಜಿನ ಬಟ್ಟಿಪಾತ್ರೆಯನ್ನು ಹೂದಾನಿ ಅಂದಿತು, ದ್ರವವನ್ನು ವೇಗವಾಗಿ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜನ್ನು ಬಟ್ಟೆ ಒಗೆಯುವ ಯಂತ್ರ ಅಂದಿತು. ಅದಕ್ಕಿಂತ ವಸ್ತುವಿನ ಹೆಸರಿನ ಮೇಲೆ ನಾವೇ ಬರೆದ ಸರಳ ನಿಯಮಗಳು ಚೆನ್ನಾಗಿ ಕೆಲಸ ಮಾಡಿದವು. ‘ಸ್ಟೆತಸ್ಕೋಪ್ ಇದ್ದರೆ ವೈದ್ಯಕೀಯ’ ಅನ್ನುವಂಥವು. ನಿಯಮ ಹಾಕಿದ್ದನ್ನು ಮನುಷ್ಯರು ಒಂದು ಸಲ ಕಣ್ಣಾಡಿಸಲೇಬೇಕು. ಬಂಡೆಯ ತೆಳು ಹೋಳು ನೋಡುವ ಮೈಕ್ರೋಸ್ಕೋಪು ಜೀವಶಾಸ್ತ್ರಕ್ಕೆ ಹೋಗಿ ಕೂತರೆ ಭೂವಿಜ್ಞಾನದವರು ಸುಮ್ನೆ ಬಿಡುತ್ತಾರಾ?

ಪ್ರತಿ ಪುಟದ ಮೊದಲ ಸಾಲನ್ನು ಮಾತ್ರ ಯಂತ್ರಕ್ಕೆ ಬಿಟ್ಟಿಲ್ಲ. ಅದನ್ನು ಸಂಗ್ರಹ ನೋಡಿಕೊಳ್ಳುವ ಕ್ಯುರೇಟರ್‌ಗಳು ಕೈಯಿಂದ ಆರಿಸುತ್ತಾರೆ. ಒಂದು ಉಪಕರಣ, ಒಂದು ಫೋಟೋ, ಒಂದು ಕಾಗದ, ಸಾಧ್ಯವಾದರೆ ಒಂದು ಜಾಹೀರಾತು. ಮೇಲ್ಗಡೆ ಎರಡು-ಮೂರು ವಾಕ್ಯದ ಪರಿಚಯ. ಕ್ಯುರೇಟರ್‌ಗಳು ಮೊದಮೊದಲು ಪುಟಗಟ್ಟಲೆ ಬರೆದು ಕಳಿಸುತ್ತಿದ್ದರು, ಕತ್ತರಿಸುವಷ್ಟರಲ್ಲಿ ಸಾಕಾಗುತ್ತಿತ್ತು. ಗಣಿತದ ಪುಟ ಮಾತ್ರ ಏನು ಮಾಡಿದರೂ ಸಪ್ಪೆ. ಲೆಕ್ಕ ಮಾಡಲು ಬಳಸುತ್ತಿದ್ದ ಜಾರುಪಟ್ಟಿ, ಅಂದರೆ ಸ್ಲೈಡ್ ರೂಲ್ ಆದಮೇಲೆ ಇನ್ನೊಂದು ಸ್ಲೈಡ್ ರೂಲ್. ಅದಕ್ಕೆ ಸದ್ಯ ಪರಿಹಾರ ಸಿಕ್ಕಿಲ್ಲ.

ಈಗ ಕೈಯಲ್ಲಿರುವ ಕೆಲಸ ವೈದ್ಯಕೀಯ ಪುಟವನ್ನು ಒಡೆಯುವುದು. ಅದು ತುಂಬ ಉಬ್ಬಿಹೋಗಿದೆ. ‘ಸಾಂಕ್ರಾಮಿಕ ರೋಗ ಮತ್ತು ಲಸಿಕೆ’ಯನ್ನು ಬೇರೆ ಮಾಡುತ್ತಿದ್ದೇವೆ. 1796ರಲ್ಲಿ ಸಿಡುಬಿಗೆ ಲಸಿಕೆ ಹಾಕಿದ ಜೆನ್ನರ್‌ನಿಂದ ಹಿಡಿದು, ಸಿಡುಬನ್ನು ಓಡಿಸಲು ಬಳಸಿದ ಕವಲುಮೊನೆಯ ಸೂಜಿ, 1980ರಲ್ಲಿ ಸಿಡುಬು ನಿರ್ಮೂಲವಾಯಿತು ಅನ್ನುವ ಘೋಷಣೆ, ಮೊನ್ನೆಮೊನ್ನೆ ಬಂದ ಕೋವಿಡ್ ಮಾಸ್ಕುಗಳ ತನಕ ಸಾಮಗ್ರಿ ಬೇಕಾದಷ್ಟಿದೆ. ಒಡೆಯುವಾಗ ಹಳೇ ಪುಟದ ವಿಳಾಸ ಬದಲಾಗಬಾರದು. ಎಷ್ಟೋ ಮೇಷ್ಟ್ರುಗಳು ಪಾಠದ ಟಿಪ್ಪಣಿಯಲ್ಲಿ ಆ ಲಿಂಕ್ ಹಾಕಿಕೊಂಡಿದ್ದಾರೆ. ಅದಕ್ಕೆ ವಿಳಾಸದಲ್ಲಿ ವಿಷಯದ ಹೆಸರು ಇಟ್ಟೇ ಇಲ್ಲ, ಬರೀ ಸಂಖ್ಯೆ ಇದೆ. ಹೆಸರು ನಾಳೆ ಬದಲಾದರೂ ಸಂಖ್ಯೆ ಅದೇ ಇರುತ್ತದೆ. ಹಳೇ ಪುಟದಲ್ಲಿ ‘ಇದನ್ನೂ ನೋಡಿ’ ಅಂತ ಹೊಸದಕ್ಕೆ ಕೊಂಡಿ ಹಾಕಿದರೆ ಆಯಿತು. ಸ್ಟೆತಸ್ಕೋಪು ಹಳೇ ಪುಟದಲ್ಲೇ ಉಳಿಯುತ್ತದೆ. ಡಿಡಿಟಿ ಪಂಪು ಹೊಸ ಪುಟಕ್ಕೂ ಬೇಕು ಅಂತ ಆ ಮೇಡಂ ಆಗಲೇ ಕಾರಣ ಬರೆದು ಕಳಿಸಿದ್ದಾರೆ.